ಸಾರ್ ಮೇಲೆ ಬರೆಸಿದ ಅರ್ಜಿ

ಇದು ಎರಡು ವರ್ಷದ ಹಿಂದಿನ ಮಾತು. ದಸರಾ ರಜೆ ಮುಗಿದು ಶಾಲೆ ಶುರುವಾಗಿ ಒಂದು ವಾರವಾಗಿತ್ತು. ನಮ್ಮದು ತೆಲಂಗಾಣದ ಗಡಿಯಲ್ಲಿ ಕನ್ನಡವೂ ನಡೆಯುವ ಮನೂರ್ ಮಂಡಲದ ಸಣ್ಣ ಊರು. ಅಲ್ಲಿನ ಸರ್ಕಾರಿ ಶಾಲೆಯ ತಾಯಂದಿರ ಕಮಿಟಿಗೆ ನಾನೇ ಅಧ್ಯಕ್ಷೆ. ಅಧ್ಯಕ್ಷೆ ಎಂದ ಮೇಲೆ ಏನಾದರೂ ಮಾಡಿ ತೋರಿಸಬೇಕಲ್ಲ! ಶಾಲೆಗಿದ್ದ ಒಬ್ಬರೇ ಮೇಷ್ಟ್ರು ನಮ್ಮ ಸಾರ್, ನಾನು ಅವರ ಮೇಲೆಯೇ ಬಿದ್ದೆ.

ಮಗಳು ಪೂಜಾ ಮೂರನೇ ತರಗತಿಗೆ ಬಂದರೂ ಅವಳ ನೋಟ್‌ಬುಕ್ ಅರ್ಧಕ್ಕರ್ಧ ಖಾಲಿ. ಪಕ್ಕದ ಮನೆಯ ಹುಡುಗ ವ್ಯಾನಿನಲ್ಲಿ ಪ್ರೈವೇಟ್ ಶಾಲೆಗೆ ಹೋಗುತ್ತಾನೆ. ಅವನ ನೋಟ್‌ಬುಕ್‌ನಲ್ಲಿ ಹಾಳೆ ಹಾಳೆಗೂ ಕೆಂಪು ರೈಟ್ ಮಾರ್ಕು. ನಮ್ಮ ಸಾರ್ ಮಾತ್ರ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಕಥೆ ಹೇಳಿಸುತ್ತಿದ್ದರು, ಹುಣಸೆ ಬೀಜ ಎಣಿಸಲು ಹೇಳುತ್ತಿದ್ದರು. ನೋಡಿ ಮೈ ಉರಿಯುತ್ತಿತ್ತು. ಪುಸ್ತಕ ತೆಗೆದು ಪರೀಕ್ಷಿಸೋಣವೆಂದರೆ ನಾನು ಬೀದರ್ ಕಡೆಯಿಂದ ಮದುವೆಯಾಗಿ ಬಂದವಳು, ಓದಿದ್ದು ಕನ್ನಡ. ಶಾಲೆ ತೆಲುಗಿನದು. ತೆಲುಗು ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಮಾತ್ರ ಒಂದೂ ಬಾರದು.

ಝೆರಾಕ್ಸ್ ಅಂಗಡಿಯವನಿಂದ ತೆಲುಗಿನಲ್ಲಿ ಅರ್ಜಿ ಬರೆಸಿದೆ. ಈ ಸಾರ್ ಏನೂ ಕಲಿಸುವುದಿಲ್ಲ, ವರ್ಗ ಮಾಡಿರಿ ಎಂದು. ಮನೆ ಮನೆ ತಿರುಗಿ ಹದಿನೆಂಟು ಹೆಂಗಸರ ಹೆಬ್ಬೆಟ್ಟು ಒತ್ತಿಸಿದೆ. ಕೊನೆಗೆ ನನ್ನ ಸಹಿ, ಕನ್ನಡದಲ್ಲಿ.

ಮರುದಿನ "ಇವತ್ತ ಸಾಲಿ ಬ್ಯಾಡ, ನಡಿ" ಎಂದು ಮಗಳನ್ನೂ ಎಳೆದುಕೊಂಡು ನಾರಾಯಣಖೇಡಕ್ಕೆ ಹೊರಟೆ. ಅಲ್ಲಿನ ಶಿಕ್ಷಣ ಆಫೀಸಿನ ಸಾಹೇಬರ ಮುಂದೆ ಅವಳೂ ಅವಳ ಖಾಲಿ ನೋಟ್‌ಬುಕ್ಕೂ ಸಾಕ್ಷಿಗಿರಲಿ ಎಂದು.

ಶೇರ್ ಆಟೋ, ಸೀಟು ತುಂಬದೆ ಹೊರಡುವುದಿಲ್ಲ. ಕೂತು ಕೂತು ಬೇಸರವಾಗಿ ಪೂಜಾ ನನ್ನ ಚೀಲದಿಂದ ಅರ್ಜಿ ಎಳೆದು ಗಟ್ಟಿಯಾಗಿ ಓದತೊಡಗಿದಳು. ಉದ್ದನೆಯ ಪದ ಬಂದರೆ ಬೆರಳಿಟ್ಟು ಬಿಡಿಸಿಕೊಳ್ಳುವಳು, ಮತ್ತೆ ಸರಸರನೆ ಮುಂದಕ್ಕೆ. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ.

ಎದುರಿಗಿದ್ದ ಅಜ್ಜ ಒಬ್ಬರು, "ಭಾಳ ಛಲೋ ಓದ್ತಾಳಲ್ಲ! ಯಾವ ಪ್ರೈವೇಟ್ ಸಾಲಿಗಿ ಹಾಕೀರಿ ತಂಗಿ?" ಎಂದರು.

"ಪ್ರೈವೇಟ್ ಅಲ್ರಿ, ನಮ್ಮೂರ ಸರ್ಕಾರಿ ಸಾಲಿ. ನಮ್ ಸಾರ್ ಕಲ್ಸ್ಯಾರ" ಎಂದು ಪೂಜಾಳೇ ಹೇಳಿದಳು. ಮತ್ತೆ ಕಾಗದ ನೋಡಿದವಳ ಮುಖ ಸಪ್ಪಗಾಯಿತು. "ಅವ್ವಾ, ಸಾರ್ ಏನೂ ಕಲ್ಸಲ್ಲಂತ ಬರ್ದದಲ್ಲ ಇದ್ರಾಗ? ಯಾರ್ ಬರ್ಸ್ಯಾರ?" ಅವಳ ಬೆರಳು ಹೆಬ್ಬೆಟ್ಟುಗಳನ್ನು ದಾಟಿ ನನ್ನ ಸಹಿಯ ಮೇಲೆ ನಿಂತಿತು. "ಇದೊಂದ್ ನನಗ ಓದಾಕ ಬರವಲ್ದು. ಇದು ಯಾರ್ದು?"

"ನಂದೇ" ಎಂದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಜ್ಜ ಪುಣ್ಯಾತ್ಮರು, ಹೊರಗೆ ನೋಡತೊಡಗಿದರು.

ಮಗಳ ಕೈ ಹಿಡಿದು ಇಳಿದೆ. "ಈಗ ಸೀಟ್ ಭರ್ತಿ ಆತು ಅಂದ್ರ ನೀವ್ ಇಳೀತೀರಲ್ಲ ಅಕ್ಕಾ!" ಎಂದು ಡ್ರೈವರ್ ರೇಗಿದ. ರೇಗಲಿ ಬಿಡಿ.

ಸೀದಾ ಶಾಲೆಗೆ ಹೋಗಿ ಅರ್ಜಿಯನ್ನು ಸಾರ್ ಕೈಗೇ ಕೊಟ್ಟೆ, ಬಾಯಲ್ಲಿ ಹೇಳುವ ಧೈರ್ಯವಿರಲಿಲ್ಲ. ಓದಿ, ಮಡಚಿ ವಾಪಸ್ ಕೊಟ್ಟರು. "ನೋಟ್‌ಬುಕ್ ಖಾಲಿ ಇರೋದು ಖರೇ ಅದರಿ. ಮೊದ್ಲ ಓದ್ಲಿ, ಆಮ್ಯಾಲ ಬರೀಲಿ ಅಂತ ಮಾಡೀನಿ. ನಿಮಗೆಲ್ಲ ಒಂದ್ ಮಾತ ಹೇಳ್ಬೇಕಿತ್ತು, ನಂದೂ ತಪ್ಪದ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ಇದನ್ನು ಕೇಳಿ ಅಳು ಬಂತು. ಅತ್ತ ಮೇಲೆ ಎದೆಯ ಭಾರ ಇಳಿಯಿತು.

ಸಂಜೆ ಮತ್ತೆ ಅವೇ ಮನೆಗಳಿಗೆ ಹೋಗಿ ಮಕ್ಕಳ ಕೈಗೆ ಪುಸ್ತಕ ಕೊಡಿಸಿ ಓದಿಸಿದೆ. ಇಬ್ಬರು ತಡವರಿಸಿದರು. ಅವರ ತಾಯಂದಿರನ್ನು ಸಾರ್ ಹತ್ತಿರ ನಾನೇ ಕರೆದೊಯ್ದೆ. ಉಳಿದವರೆಲ್ಲ ಸರಾಗವಾಗಿ ಓದಿದರು, ಅವರ ತಾಯಂದಿರು ನನ್ನ ಮುಖ ನೋಡಿದ ರೀತಿ ಮಾತ್ರ ಕೇಳಬೇಡಿ.

ಸರ್ಕಾರಿ ಶಾಲೆ ಸುಧಾರಿಸಬೇಕು, ಒಳ್ಳೆಯ ಮೇಷ್ಟ್ರು ಬೇಕು ಎಂದು ಈಗಲೂ ಮೀಟಿಂಗಿನಲ್ಲಿ ಎಲ್ಲರಿಗಿಂತ ಜೋರಾಗಿ ನಾನೇ ಮಾತಾಡುತ್ತೇನೆ. ಆದರೆ ಮೂರು ವರ್ಷ ಮಗಳ ನೋಟ್‌ಬುಕ್ ತಿರುವಿ ಹಾಕಿದ ನಾನು ಒಂದು ಸಲವೂ "ಓದವ್ವಾ, ಕೇಳ್ತೀನಿ" ಎಂದಿರಲಿಲ್ಲ. ಅವಳಿಗೆ ಓದು ಕಲಿಸಿದವರನ್ನು ನನ್ನ ಕೈಯಾರೆ ಊರು ಬಿಡಿಸುವುದರಲ್ಲಿದ್ದೆ. ಸದ್ಯ, ತಪ್ಪಿತಲ್ಲ ಎಂದು ಇವತ್ತಿಗೂ ದೇವರಿಗೆ ಕೈ ಮುಗಿಯುತ್ತೇನೆ.