ಒಂದೇ ತಿಂಗಳಲ್ಲಿ ಕುಳ್ಳಿಯಾದ ಹುಡುಗಿ

ಗೆಳೆಯರೇ, ಬೆಂಗಳೂರು ಕಡೆಯ ನಮ್ಮ ವಿಜಯಪುರದಲ್ಲಿ ಮಗುವೊಂದು ಒಂದೇ ತಿಂಗಳಲ್ಲಿ ಮೂರು ಸೆಂಟಿಮೀಟರ್ ಗಿಡ್ಡವಾಗಿದೆ. ಇವತ್ತು ಬೆಳಿಗ್ಗೆ ಮೊಮ್ಮಗನನ್ನು ಬಿಡಲು ಅಂಗನವಾಡಿಗೆ ಹೋದಾಗ ಕಣ್ಣಾರೆ ಕಂಡೆ.

ಮೂರು ವರ್ಷದ ಹುಡುಗಿ. ಮೊನ್ನೆ ಮನೆದೇವರಿಗೆ ಮುಡಿ ಕೊಟ್ಟು ತಲೆ ನುಣ್ಣಗಾಗಿತ್ತು. ಟೀಚರ್ ಅವಳನ್ನು ಗೋಡೆಗೆ ನಿಲ್ಲಿಸಿ ಅಳೆದು, ಮೊಬೈಲಿನಲ್ಲಿದ್ದ ಹೋದ ತಿಂಗಳ ಎತ್ತರ ನೋಡಿ ಪೆಚ್ಚಾದರು.

"ಮುಡಿ ಕೊಟ್ಟಿದ್ದಕ್ಕೆ ಕುಳ್ಳಿ ಆಗ್ಬಿಟ್ಳಾ ಮೇಡಮ್ಮೋರೆ?" ಎಂದರು, ರೇಷ್ಮೆ ನೂಲು ತೆಗೆಯುವ ಕೆಲಸದಿಂದ ಬಿಡುವು ಮಾಡಿಕೊಂಡು ಬಂದಿದ್ದ ಅವಳ ಅಜ್ಜಿ.

ಟೀಚರಿಗೆ ಆಗ ಹೊಳೆಯಿತು. ಹೋದ ತಿಂಗಳು ನೆತ್ತಿಯ ಮೇಲಿದ್ದ ಜುಟ್ಟನ್ನೂ ಸೇರಿಸಿ ಅಳೆದಿದ್ದರು. ನಿಜವಾದ ಎತ್ತರ ನೋಡಿದರೆ ಮಗು ವಯಸ್ಸಿಗೆ ತಕ್ಕಂತೆ ಬೆಳೆದೇ ಇಲ್ಲ, ಡಾಕ್ಟರಿಗೆ ತೋರಿಸಲೇಬೇಕು.

ಮೇಲ್ವಿಚಾರಕಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಆಕೆಯ ಮಾತು ನಮಗೂ ಕೇಳಿಸಿತು: "ಹಳೇದೇ ಹಾಕ್ಬಿಡಮ್ಮ. ಮಗು ಕುಗ್ತು ಅಂತ ಮೇಲಕ್ಕೆ ರಿಪೋರ್ಟ್ ಹೋದ್ರೆ ನಿಂಗೂ ನೋಟಿಸು, ನಂಗೂ ನೋಟಿಸು."

ನನಗೆ ರೇಗಿತು. ನನ್ನ ಮಗನನ್ನು ಇದೇ ಊರಲ್ಲಿ ತಕ್ಕಡಿಗೆ ನೇತುಹಾಕಿ ತೂಗುತ್ತಿದ್ದ ಕಾಲದಲ್ಲೂ ರಿಜಿಸ್ಟರಿನಲ್ಲಿ ಎಲ್ಲ ಮಕ್ಕಳೂ ತಪ್ಪದೆ ಬೆಳೆಯುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಟೀಚರೇ ಅಂದರು: "ಬರ್ಲಿ ಬಿಡಿ ಮೇಡಂ. ತಪ್ಪು ನಂದೇ, ಇವತ್ತಿನ ಅಳತೇನೇ ಹಾಕ್ತೀನಿ."

ಹಾಕಿಯೇಬಿಟ್ಟರು. ಅಜ್ಜಿಗೆ ಆಸ್ಪತ್ರೆಗೆ ಚೀಟಿಯನ್ನೂ ಬರೆದುಕೊಟ್ಟರು.

ನೋಟಿಸು ನಾಳೆಯೇ ಬರಬಹುದು, ಅದಕ್ಕೆ ನಮ್ಮಲ್ಲಿ ಎಂದೂ ತಡವಾಗುವುದಿಲ್ಲ. ಮಕ್ಕಳ ಡಾಕ್ಟರು ಮಾತ್ರ ಮುಂದಿನ ಗುರುವಾರ ಬರುತ್ತಾರಂತೆ.