ಒಳಗಿನ ಯಜಮಾನಿ

ನನ್ನ ಮನೆಯವರು ತೀರಿಕೊಂಡ ಮೇಲೆ ಕೆಲಸ ಕೇಳಿಕೊಂಡು ನಾನು ಹತ್ತಿದ ಮೊದಲ ಮೆಟ್ಟಿಲು ದರ್ಜಿ ಅಕ್ಕನ ಅಂಗಡಿಯದು. ಅವಳು ಮಿಷನ್ನಿನಿಂದ ತಲೆ ಎತ್ತದೆ ಒಂದು ಅಂಗಿ, ಒಂದು ಗುಂಡಿ, ಸೂಜಿ ದಾರ ನನ್ನ ಕಡೆ ತಳ್ಳಿದಳು. ನಾನು ಗುಂಡಿ ಹಚ್ಚಿ ಕೊಟ್ಟೆ. ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿದಳು. ಗುಂಡಿ ಅಲುಗಲಿಲ್ಲ.

"ನನ್ನ ಹಲ್ಲೇ ಹೋಗ್ತಿತ್ತಲ್ಲೇ! ನಾಳೆಯಿಂದ ಬಾ," ಎಂದಳು.

ಕಾಜಾ ಹೊಲಿಯುವುದು, ಗುಂಡಿ, ಕೊಕ್ಕೆ ಹಚ್ಚುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು ನನ್ನ ಪಾಲಿಗೆ ಬಂತು. ಕತ್ತರಿ ಅವಳದು, ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅಂಗಡಿ ಎಂದರೆ ರಸ್ತೆಗೆ ತೆರೆದ ಒಂದು ಕೋಣೆ. ಹಿಂದೆ ಒಂದು ಬಾಗಿಲು, ಅದರಾಚೆ ಅಡುಗೆಮನೆ ಮತ್ತು ಅವಳು ಮಲಗುವ ಜಾಗ. ಗೋಡೆಯ ಮೇಲೆ ಮರದ ಶಿಲುಬೆ, ಅದರ ಪಕ್ಕದಲ್ಲೇ ನಿಲುಗನ್ನಡಿ.

ಅಕ್ಕನೆಂದರೆ ನನಗೆ ಪ್ರಾಣ. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಹೊಗಳಿಕೆ ಕಂಡರೆ ಅವಳು ಬೆಲ್ಲ ಕಂಡ ಇರುವೆ. ಬಟ್ಟೆ ಹಾಕಿ ನೋಡಲು ಬಂದವರನ್ನು ಕನ್ನಡಿ ಮುಂದೆ ನಿಲ್ಲಿಸಿ, "ಹಿಂದೆ ತಿರುಗಿ, ಈ ಕಡೆ ತಿರುಗಿ," ಎನ್ನುತ್ತ, ಅವರ ಬಾಯಿಂದ ಒಂದು ಒಳ್ಳೆಯ ಮಾತು ಬೀಳುವ ತನಕ ಬಿಡುತ್ತಿರಲಿಲ್ಲ. ಬಾಯಿ ಬಿಗಿಹಿಡಿದ ಜನ ಬುಗುರಿಯ ಹಾಗೆ ಸುತ್ತಿದ್ದೂ ಉಂಟು.

ಇದು ಅವಳಿಗೂ ಗೊತ್ತಿತ್ತು. "ನನ್ನೊಳಗೆ ಒಬ್ಬಳು ಯಜಮಾನಿ ಇದಾಳೆ ಕಣೇ," ಎನ್ನುತ್ತಿದ್ದಳು. "ಯೇಸುಸ್ವಾಮಿ ಇರೋ ಮನೇಲಿ ಅವಳಿಗೆ ಜಾಗ ಇಲ್ಲ. ಬೆಳಿಗ್ಗೆ ಪ್ರಾರ್ಥನೆ ಮಾಡಿ ಅವಳನ್ನ ಹೂತು ಬರ್ತೀನಿ. ಅಂಗಡಿ ಬಾಗಿಲು ತೆಗೆಯೋ ಅಷ್ಟರಲ್ಲಿ ನನಗಿಂತ ಮುಂಚೆ ಬಂದು ಕೂತಿರ್ತಾಳೆ, ಟೀ ಎಲ್ಲಿ ಅಂತ ಕೇಳ್ಕೊಂಡು!"

"ಇನ್ನೂ ಆಳಕ್ಕೆ ಹೂಳಬೇಕಕ್ಕಾ."

"ಗುದ್ದಲಿ ನೀನು ಹಿಡಿ, ನೋಡೋಣ."

ಅವಳ ಹತ್ತಿರವೇ ಕೆಲಸ ಕಲಿತ ಒಬ್ಬಳು, ಒಂದು ದಿನ ಹೇಳದೆ ಕೇಳದೆ ರಸ್ತೆಯ ಆಚೆ ಬದಿಯಲ್ಲಿ ಅಂಗಡಿ ಇಟ್ಟಳು. ನಾವು ಅವಳನ್ನು ಎದುರಿನವಳು ಎಂದೇ ಕರೆಯುತ್ತಿದ್ದೆವು. ಅಂಗಡಿ ಇಟ್ಟದ್ದು ಹೋಗಲಿ. "ಅಕ್ಕನ ಕಣ್ಣು ಮಂಜಾಗಿದೆ, ಅವಳ ಕಾಲ ಮುಗೀತು," ಎಂದು ಗಿರಾಕಿಗಳ ಮುಂದೆ ಆಡಿಕೊಂಡಳು. ಮಾತು ಅಕ್ಕನ ಕಿವಿಗೆ ಬಿದ್ದ ದಿನ ಅವಳ ಮಿಷನ್ನಿನ ಸದ್ದು ಬೀದಿಯ ತುದಿಗೂ ಕೇಳಿತು.

ಹೀಗಿರುವಾಗ ಎದುರಿನವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ನಮ್ಮೂರ ಮೇಷ್ಟ್ರ ಮಗಳ ಮದುವೆಯ ಬಿಳಿ ಗೌನು ಹೊಲಿಯಲು ಅವಳು ಒಪ್ಪಿಕೊಂಡಿದ್ದಳು. ಕತ್ತರಿಸಿಟ್ಟಿದ್ದಳು, ಒಂದು ಹೊಲಿಗೆಯೂ ಬಿದ್ದಿರಲಿಲ್ಲ. ಮದುವೆ ಅದೇ ವಾರದ ಕೊನೆಗೆ. ಒಪ್ಪಿಕೊಂಡ ಗೌನು ಕೊಡದಿದ್ದರೆ ಹೊಸ ಅಂಗಡಿಯ ಹೆಸರು ಮಣ್ಣುಪಾಲು.

ಸುದ್ದಿ ತಂದವಳು ನಾನೇ. "ಮಾಡಿದ್ದುಣ್ಣೋ ಮಹರಾಯ," ಎಂದೆ.

"ಉಣ್ಣೋಕೂ ಅವಳಿಗೀಗ ಕೈಯಿಲ್ಲವಲ್ಲೇ," ಎಂದು ಅಕ್ಕ ಎದ್ದಳು.

ರಸ್ತೆ ದಾಟಿದಳು. ನಾನೂ ಹಿಂದೆ ಹೋದೆ. ಎದುರಿನವಳು ನಮ್ಮನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು. "ನಗೋಕೆ ಬಂದ್ಯಾ ಅಕ್ಕಾ?"

"ನಗೋಕೆ ನನ್ನ ಅಂಗಡೀಲೇ ಜಾಗ ಇದೆ. ಗೌನು ಎಲ್ಲಿ?"

"ನೀನು ಹೊಲಿದೆ ಅಂತ ಗೊತ್ತಾದ್ರೆ ಆಮೇಲೆ ನನ್ನ ಹತ್ರ ಯಾರು ಬರ್ತಾರೆ?"

ಅಕ್ಕ ಕತ್ತರಿಸಿಟ್ಟಿದ್ದ ಬಿಳಿ ತುಂಡುಗಳನ್ನು ಮಡಚಿ ಕಂಕುಳಿಗೆ ಸೇರಿಸಿದಳು. "ನಿನ್ನ ಅಂಗಡಿಗೆ ಬಂದ ಬಟ್ಟೆ, ನಿನ್ನ ಅಂಗಡಿಯಿಂದಲೇ ಹೋಗುತ್ತೆ. ನಾನು ಬಾಯಿ ಬಿಡಲ್ಲ."

ಮಿಷನ್ನನ್ನು ನಮ್ಮ ಅಂಗಡಿಯ ಹಿಂದಿನ ಅಡುಗೆಮನೆಗೆ ಎಳೆದು, ಬಾಗಿಲು ಹಾಕಿಕೊಂಡು ಹೊಲಿದಳು. ಅಂಥ ಗೌನನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಸೊಂಟದ ಹತ್ತಿರ ಬಟ್ಟೆ ನೀರಿನ ಹಾಗೆ ಇಳಿದಿತ್ತು. ಬೆನ್ನಿಗೆ ಕೊಕ್ಕೆ ಹಚ್ಚುತ್ತಿದ್ದ ನನಗೆ ಕೊರಳಿನ ಒಳಬದಿಯಲ್ಲಿ ಏನೋ ನೀಲಿ ಕಂಡಿತು. ನೀಲಿ ದಾರದ ಮೂರು ಓರೆ ಹೊಲಿಗೆ. ಅಕ್ಕ ತಾನು ಹೊಲಿದ ಪ್ರತಿ ಬಟ್ಟೆಗೂ ಹಾಕುತ್ತಿದ್ದ ಗುರುತು ಅದು. "ನನ್ನ ಹೆಬ್ಬೆಟ್ಟು," ಎನ್ನುತ್ತಿದ್ದಳು.

"ಅಕ್ಕಾ, ಇದೇನು?"

ಅವಳ ಮುಖ ಬಿಳಚಿಕೊಂಡಿತು. "ಕೈ ತಾನಾಗೇ ಹಾಕ್ಬಿಟ್ಟಿದೆ ಕಣೇ."

"ಒಳಗಡೆ ತಾನೇ? ಯಾರು ನೋಡ್ತಾರೆ, ಇರಲಿ ಬಿಡು."

ಅವಳು ಗೌನನ್ನು ಕಿಟಕಿಯ ಬೆಳಕಿಗೆ ಒಯ್ದು, ಆ ಗುರುತಿನ ಮೇಲೆ ಬೆರಳಾಡಿಸುತ್ತ ನಿಂತಳು. ಒಲೆಯ ಮೇಲಿದ್ದ ನೀರು ಕುದಿದು ಉಕ್ಕಿತು, ನಾನೇ ಹೋಗಿ ಇಳಿಸಿದೆ.

"ಯಾರೂ ನೋಡಲ್ಲ ಅಂತಾನೇ ಯಜಮಾನಿ ಅಲ್ಲಿ ಹೋಗಿ ಕೂತಿದಾಳೆ," ಎಂದಳು. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿದಳು. "ಹಲ್ಲು ಕಿತ್ತ ಹಾಗಾಯ್ತು."

ಮದುವೆಯ ದಿನ ಹುಡುಗಿ ಚರ್ಚಿನ ಬಾಗಿಲಲ್ಲಿ ಕಾಣಿಸಿಕೊಂಡಾಗ ಜನ ಎದ್ದು ನಿಂತವರು ಕೂರುವುದನ್ನೇ ಮರೆತರು. ಕೈ ಮುರಿಯುವ ಮುಂಚೆಯೇ ಎದುರಿನವಳು ಹೊಲಿದಿಟ್ಟಿದ್ದಳೆಂದು ತಾವೇ ತೀರ್ಮಾನಿಸಿಕೊಂಡಿದ್ದರು. ನಮ್ಮ ಮುಂದಿನ ಬೆಂಚಿನಲ್ಲಿದ್ದ ಬೇಕರಿಯವಳು ತಿರುಗಿ ಅಕ್ಕನಿಗೇ ಹೇಳಿದಳು, "ನೋಡಿದ್ಯಾ? ನಿನ್ನ ಶಿಷ್ಯೆ ನಿನ್ನನ್ನೇ ಮೀರಿಸಿದಳಲ್ಲ! ಬೇಜಾರು ಮಾಡ್ಕೋಬೇಡ, ನಿನ್ನ ಕೈಲಿ ಇದು ಆಗ್ತಿರಲಿಲ್ಲ."

ಅಕ್ಕ ಬಾಯಿ ತೆರೆದಳು. ನನ್ನ ಕೈಯನ್ನು ಎಷ್ಟು ಬಲವಾಗಿ ಹಿಡಿದಳೆಂದರೆ ಬೆರಳ ಗೆಣ್ಣು ಲಟಕ್ಕೆಂದಿತು.

"ಹುಡುಗಿ ಚೆನ್ನಾಗಿ ಕಾಣ್ತಿದಾಳಮ್ಮಾ," ಎಂದಳು. ಅಷ್ಟೇ.

ದಾರಿಯಲ್ಲಿ ನಾನು ತಡೆಯಲಾರದೆ, "ಅಕ್ಕಾ, ನಾನಾದರೂ ನಿನಗೆ ಒಂದು ಮಾತು ಹೇಳ್ಲಾ, ಆ ಗೌನು..." ಎಂದೆ.

"ಬೇಡ್ವೇ ಬೇಡ! ಈಗಷ್ಟೇ ಮಣ್ಣು ಮುಚ್ಚಿ ಬಂದಿದೀನಿ."

ಆಮೇಲೂ ಅವಳು ಆ ಮಾತನ್ನು ನನಗೆ ಎತ್ತಗೊಡಲಿಲ್ಲ. ಕನ್ನಡಿಯ ಮುಂದೆ ಗಿರಾಕಿಗಳನ್ನು ತಿರುಗಿಸುವುದು ನಿಂತಿತು ಎಂದರೆ ಸುಳ್ಳಾದೀತು, ಒಂದೇ ಸುತ್ತಿಗೆ ಇಳಿಯಿತು. ಎದುರಿನವಳ ಕೈ ಕೂಡಿಕೊಂಡಿತು. ದಾರ, ಬಾಬಿನ್ನು ಎಂದು ನೆಪ ಮಾಡಿಕೊಂಡು ಬರತೊಡಗಿದಳು. ಎಷ್ಟೋ ವರ್ಷದ ಮೇಲೆ ಅಕ್ಕ ತೀರಿಕೊಂಡು ಮಣ್ಣು ಮಾಡಿದ ದಿನ ಗೌನಿನ ಸಂಗತಿಯನ್ನು ಸಭೆಯ ಮುಂದೆ ಅತ್ತುಕೊಂಡು ಹೇಳಿದವಳೂ ಅವಳೇ. ಇಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅದಕ್ಕೂ ಮುಂಚೆ, ಅಕ್ಕ ಹಾಸಿಗೆ ಹಿಡಿದಾಗ, ನಾನೂ ಎದುರಿನವಳೂ ಸರದಿಯಲ್ಲಿ ನೋಡಿಕೊಂಡೆವು. ಒಂದು ಸಂಜೆ ಎದುರಿನವಳು ಅವಳ ಮೈ ಒರೆಸಿ, ತಲೆ ಬಾಚಿ ಹೋದಳು. ಅಕ್ಕ ಕಣ್ಣು ತೆರೆದಳು.

"ಅವಳು ಹೋದಳಾ?"

"ಹೋದಳಕ್ಕಾ."

"ಬಾಗಿಲು ಹಾಕು."

ಹಾಕಿ ಬಂದೆ. ಹತ್ತಿರ ಬಾ ಎಂದು ಬೆರಳಾಡಿಸಿದಳು. ಬಗ್ಗಿದೆ. ಸಕ್ಕರೆ ಕದಿಯುವ ಮಗುವಿನ ದನಿಯಲ್ಲಿ ಕೇಳಿದಳು, "ನಿಜ ಹೇಳೇ, ಆ ಗೌನು ಚೆನ್ನಾಗಿ ಬಂದಿತ್ತಾ?"