ನಲವತ್ತೈದು ಡಿಗ್ರಿಯ ಮೆಣಸಿನಕಾಯಿ

ಅಣ್ಣ ಬ್ಯಾಡಗಿಯಿಂದ ರಾಣೆಬೆನ್ನೂರಿನ ನಮ್ಮ ಮನೆಗೆ ಬಂದರೆ ಮೊದಲು ಚಹಾ ಕೇಳುವುದು ರೂಢಿ. ಆ ಭಾನುವಾರ ಚಪ್ಪಲಿ ಬಿಡುವ ಮೊದಲೇ ಕಂಪಾಸ್ ಪೆಟ್ಟಿಗೆ ಕೇಳಿದ.

“ಕೈವಾರ, ಕೋನಮಾಪಕ, ಪಟ್ಟಿ ಎಲ್ಲಾ ಇರೂದು ಬೇಕು ನೋಡವಾ. ಹುಡುಗೂರದು ಬ್ಯಾಡ. ನೀ ಸಾಲ್ಯಾಗ ವಾಪರಸೂದು ಕೊಡು.”

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅಣ್ಣ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವನು. ರೇಖಾಗಣಿತಕ್ಕೂ ಅವನಿಗೂ ಎಂದೂ ಕೂಡಿಬಂದಿರಲಿಲ್ಲ. ಅವನು ಹತ್ತನೆಯ ಇಯತ್ತೆಯಲ್ಲಿದ್ದಾಗ ಎರಡು ವರ್ಷ ಕಿರಿಯಳಾದ ನಾನೇ ಅವನ ವಹಿಯಲ್ಲಿ ತ್ರಿಕೋನ ತೆಗೆದುಕೊಡುತ್ತಿದ್ದೆ. ತ್ರಿಕೋನಕ್ಕೊಂದು ಪೇರಲಹಣ್ಣು ಎಂದು ಕರಾರು. ಅಂಥವನ ಬಾಯಲ್ಲಿ ಕೋನಮಾಪಕದ ಹೆಸರು ಕೇಳಿ ನಗು ತಡೆಯಲಾಗಲಿಲ್ಲ.

“ನಗಬ್ಯಾಡ. ಹುಬ್ಬಳ್ಳಿಗೆ ಹೋಗಿ ಎರಡ ದಿನ ಟ್ರೇನಿಂಗ್ ತಗೊಂಡು ಬಂದೀನಿ,” ಎಂದ.

ಮೊಬೈಲು ಆಗಷ್ಟೇ ಅವನ ಅಂಗಿಯ ಕಿಸೆಗೆ ಬಂದಿದ್ದ ಕಾಲ ಅದು. ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಟೈ ಕಟ್ಟಿದವರೊಬ್ಬರು ಶೇರುಪೇಟೆಯ ನಕ್ಷೆ ಓದುವುದನ್ನು ಕಲಿಸಿದ್ದರಂತೆ. ದರ ಸುಮ್ಮನೆ ಏರಿಳಿಯುವುದಿಲ್ಲ, ಅದಕ್ಕೊಂದು ಕೋನವಿದೆ. ನಲವತ್ತೈದು ಡಿಗ್ರಿಯ ಗೆರೆಯ ಮೇಲಿದ್ದರೆ ಏರುಗಾಲ, ಕೆಳಗೆ ಬಿದ್ದರೆ ಇಳಿಗಾಲ. ಹಿಂದಿನ ಶಿಖರದ ಮೇಲೆ ಕೈವಾರದ ಮೊನೆಯೂರಿ ವೃತ್ತ ಎಳೆದರೆ, ಅದು ಗೆರೆಯನ್ನು ಎಲ್ಲಿ ಕತ್ತರಿಸುತ್ತದೋ ಆ ದಿನ ದರ ಮಗ್ಗಲು ಬದಲಿಸುತ್ತದೆ. ಬಂದವರೆಲ್ಲ ಶೇರು ಕೊಳ್ಳುವವರು, ಮೆಣಸಿನಕಾಯಿಯವನು ಅಣ್ಣನೊಬ್ಬನೇ. “ಮೆಣಸಿನಕಾಯಿಗೂ ನಡಿತೈತೇನ್ರಿ?” ಎಂದು ಎದ್ದು ನಿಂತು ಕೇಳಿದನಂತೆ. ದರ ಅಂತ ಇರುವುದೆಲ್ಲಕ್ಕೂ ನಡೆಯುತ್ತದೆ ಎಂದು ಟೈಯವರು ಅಭಯ ಕೊಟ್ಟರಂತೆ.

ದೀಪಾವಳಿ ರಜೆಗೆ ಬ್ಯಾಡಗಿಗೆ ಹೋದಾಗ ನಡುಮನೆಯ ಗೋಡೆಯೇ ಕಾಣದಾಗಿತ್ತು. ಗ್ರಾಫ್ ಹಾಳೆಗಳನ್ನು ಮೈದಾ ಅಂಟಿನಿಂದ ಸಾಲಾಗಿ ಅಂಟಿಸಿ, ಮೂರು ವರ್ಷದ ದರವನ್ನು ಚುಕ್ಕೆಚುಕ್ಕೆಯಾಗಿ ಗುರುತಿಸಿದ್ದ. ಪೇಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಒಂದು ಪೇಟೆಗೆ ಒಂದು ಚೌಕ ಬಲಕ್ಕೆ, ನೂರು ರೂಪಾಯಿಗೆ ಒಂದು ಚೌಕ ಮೇಲಕ್ಕೆ. ಗೋಡೆ ಮುಗಿದ ಮೇಲೆ ದರ ಮೂಲೆ ತಿರುಗಿ ದೇವರಮನೆಯ ಬಾಗಿಲವರೆಗೆ ಹೋಗಿತ್ತು. ನನ್ನ ಕೈವಾರ ಅಂಥ ವೃತ್ತಗಳಿಗೆ ಸಾಲದೆ ಊಟದ ತಾಟು, ಅದೂ ಸಾಲದಾದಾಗ ಹಿಟ್ಟು ನಾದುವ ಪರಾತ ಕೆಲಸಕ್ಕೆ ಬಂದಿದ್ದವು.

“ನಿಮ್ಮಣ್ಣಗ ಸ್ವಲ್ಪ ಹೇಳವಾ,” ಎಂದಳು ಅತ್ತಿಗೆ. “ಉಣ್ಣಾಕ ಕುಂತ್ರ ತಾಟು ಗ್ವಾಡಿ ಮ್ಯಾಲ ಇರತಾವ. ಮೊನ್ನೆ ಪರಾತದ ಅಂಚಿಗೆ ಕೆಂಪ ಮಸಿ ಹತ್ತಿ, ರೊಟ್ಟಿ ಎಲ್ಲಾ ಗುಲಾಬಿ ಆಗಿದ್ವು.”

ನನ್ನೊಳಗಿನ ಟೀಚರು ಸುಮ್ಮನಿರಲಿಲ್ಲ. ಬೇರೊಂದು ಹಾಳೆ ತೆಗೆದುಕೊಂಡು ಅವೇ ದರಗಳನ್ನು ಐವತ್ತು ರೂಪಾಯಿಗೆ ಒಂದು ಚೌಕದಂತೆ ಗುರುತಿಸಿದೆ. ಅವನ ನಲವತ್ತೈದರ ಗೆರೆ ನನ್ನ ಹಾಳೆಯಲ್ಲಿ ಅರವತ್ಮೂರಕ್ಕೆ ಎದ್ದು ನಿಂತಿತು.

“ನೋಡಣ್ಣಾ, ಕೋನ ಮೆಣಸಿನಕಾಯ್ದಾಗ ಇಲ್ಲ, ನಿನ್ನ ಹಾಳ್ಯಾಗ ಐತಿ. ಚೌಕದ ಲೆಕ್ಕ ಬದಲಿ ಮಾಡಿದ್ರ ಕೋನಾನೂ ಬದಲಿ ಆಗತೈತಿ.”

ಅಣ್ಣ ಕನ್ನಡಕ ಏರಿಸಿ ಎರಡೂ ಹಾಳೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಹಾಳೆಯನ್ನು ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟ.

“ಹಂಗಾರ ನಿನ್ನ ಹಾಳಿ ತಪ್ಪೈತಿ.”

ಅದೇ ಸಂಜೆ ಪರಾತದ ವೃತ್ತ ಗೆರೆಯನ್ನು ಕತ್ತರಿಸುವ ಜಾಗಕ್ಕೆ ಬೆರಳಿಟ್ಟು ಚೌಕ ಎಣಿಸಿದ. ಅಂದಿನಿಂದ ಇಪ್ಪತ್ಮೂರನೆಯ ಪೇಟೆ, ಜನವರಿ ಕೊನೆಯ ಒಂದು ಸೋಮವಾರ. “ಅಲ್ಲೀತನಕ ಏರತೈತಿ. ಅವತ್ತ ತುದಿ ಮುಟ್ಟತೈತಿ. ಮರುಪ್ಯಾಟಿಗೆ ಇಳದ್ಬಿಡತೈತಿ. ಮಾರಿದ್ರ ಅವತ್ತ ಮಾರಬೇಕು,” ಎಂದು ಸಾರಿದ. ತವರಿನ ಹೊಲದ ಮೆಣಸಿನಕಾಯಿಯಲ್ಲಿ ನನ್ನ ಪಾಲೆಂದು ಅವನು ವರ್ಷವೂ ನಾಲ್ಕು ಚೀಲ ತೆಗೆದಿಡುತ್ತಿದ್ದ, ಅತ್ತಿಗೆಗೂ ನಾಲ್ಕು, ಉಳಿದವು ಅವನವು. ಎಲ್ಲವೂ ಕೋಲ್ಡ್ ಸ್ಟೋರೇಜಿನಲ್ಲಿದ್ದವು. “ನಿನ್ನ ಚೀಲ ಏನ್ ಮಾಡ್ಲಿ?” ಎಂದು ಕೇಳಿದ.

ಗಣಿತ ಕಲಿಸುವವಳು ಹೇಳಬೇಕಾದದ್ದು ಬೇರೆ ಇತ್ತು. ನಾನು ಹೇಳಿದ್ದು, “ಇರ್ಲಿ ಬಿಡು, ಏನ್ ಅವಸರ?”

ಅಲ್ಲಿಂದ ರಾಣೆಬೆನ್ನೂರಿಗೆ ಬಂದು ಸ್ಟಾಫ್ ರೂಮಿನಲ್ಲಿ ಅಣ್ಣನ ಪರಾತದ ಕಥೆ ಹೇಳಿ ಎಲ್ಲರನ್ನೂ ನಗಿಸಿದೆ. ನಗಿಸುತ್ತಲೇ ಪತ್ರಿಕೆಯಲ್ಲಿ ಬ್ಯಾಡಗಿಯ ದರ ಹುಡುಕಲು ಶುರುಮಾಡಿದೆ. ದರ ಏರುತ್ತಿತ್ತು. ಡಿಸೆಂಬರಿನಲ್ಲಿ ಇನ್ನಷ್ಟು ಏರಿತು. ಒಂದು ದಿನ ಹತ್ತನೆಯ ತರಗತಿಯ ಹುಡುಗಿಯರಿಗೆ ಸ್ಪರ್ಶಕ ಕಲಿಸುತ್ತ, ವೃತ್ತ ಗೆರೆಯನ್ನು ಮುಟ್ಟಿದ ಜಾಗದಲ್ಲಿ ‘ಸೋಮವಾರ’ ಎಂದು ಬರೆಯಹೋಗಿ ಡಸ್ಟರು ಹುಡುಕಿದೆ.

ಆ ಸೋಮವಾರ ಕ್ಯಾಜುವಲ್ ಲೀವ್ ಬರೆದುಕೊಟ್ಟೆ. ಕಾರಣ ‘ಮನೆಗೆಲಸ’.

ಕದರಮಂಡಲಗಿ ಮೇಲೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲೂ ತೆಂಗಿನಕಾಯಿ, ಹೂವಿನ ಚೀಲ. ಪಕ್ಕದ ಮುದುಕಿ “ನೀವೂ ಹನುಮಪ್ಪನ ಗುಡಿಗೇನ್ರಿ?” ಎಂದಳು. ಇಲ್ಲ, ಬ್ಯಾಡಗಿಗೆ ಎಂದೆ. “ಅಮಾಸಿ ದಿನ ಇಲ್ಲಿ ಇಳೀದ ಹೋಗಾಕತ್ತೀರಲ್ಲ, ಯವ್ವಾ!” ಎಂದು ಅವಳು ಮರುಗಿದಳು. ಕದರಮಂಡಲಗಿಯಲ್ಲಿ ಬಸ್ಸು ಖಾಲಿಯಾಯಿತು. ಕಿಟಕಿಯ ಪಕ್ಕ ಕೂತು, ಸದ್ಯ ಗಾಳಿ ಬಂತು ಎಂದುಕೊಂಡೆನೇ ಹೊರತು, ಅಮಾವಾಸ್ಯೆಗೆ ಪೇಟೆ ಇರುತ್ತದೆಯೇ ಎಂದು ತಲೆಗೆ ಹೊಳೆಯಲೇ ಇಲ್ಲ.

ಬ್ಯಾಡಗಿಯಲ್ಲಿ ಇಳಿದಾಗ ಮೊದಲು ಅನುಮಾನ ಬಂದದ್ದು ಮೂಗಿಗೆ. ಪೇಟೆಯ ದಿನ ಆ ಊರಲ್ಲಿ ಇಳಿದವರು ಎರಡು ಸಲವಾದರೂ ಸೀನಬೇಕು. ನನಗೆ ಒಂದೂ ಬರಲಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಚೀಲವಿಲ್ಲ, ಹಮಾಲರಿಲ್ಲ, ಒಂದು ಆಕಳು ಮಾತ್ರ ನೆರಳಿನಲ್ಲಿ ಮಲಗಿತ್ತು. ಅಣ್ಣನ ಅಂಗಡಿಯ ಶಟರು ಅರ್ಧ ತೆರೆದಿತ್ತು. ಬಗ್ಗಿ ಒಳಗೆ ನೋಡಿದರೆ ಗಾದಿಯ ಮೇಲೆ ಹಾಳೆ ಹರವಿಕೊಂಡು, ತಾಟು ಬೋರಲು ಹಾಕಿ ಕೂತಿದ್ದ.

ನನ್ನನ್ನು ನೋಡಿದ್ದೇ ಅವನ ಕೈಯಿಂದ ತಾಟು ಜಾರಿತು. “ನೀ ಯಾಕ ಬಂದಿ?”

“ನೀನ ಸೋಮವಾರ ಅಂದಿದ್ದಿ.”

“ಅಂದಿದ್ದೆ ಖರೇ. ನೀ ನಂಬೂದಿಲ್ಲ ಅಂತ ಗೊತ್ತಿತ್ತಲ್ಲ! ಅದಕ್ಕ ಫೋನ್ ಮಾಡ್ಲಿಲ್ಲ. ಗುರುವಾರ ಪ್ಯಾಟಿ ಮುಗದ ಮ್ಯಾಲ ನೆಪ್ಪಾತು, ಸೋಮವಾರ ಅಮಾಸಿ, ಪ್ಯಾಟಿ ಬಂದ್ ಅಂತ.” ಆಮೇಲೆ ನನ್ನ ಮುಖವನ್ನೇ ನೋಡಿದ. “ಅಂದ್ರ ನೀ ಸಾಲಿ ಬಿಟ್ಟು ಬಂದೀಯೇನ?”

ನಾನು ಬಗ್ಗಿ, ಬಿದ್ದ ತಾಟು ಎತ್ತಿಕೊಟ್ಟೆ. ಅವನ ಮೀಸೆಯಡಿಯ ನಗು ಕಿವಿಯವರೆಗೆ ಹೋಯಿತು. ಇಬ್ಬರೂ ಮನೆಗೆ ನಡೆದೆವು. ಅತ್ತಿಗೆ ನಮ್ಮನ್ನು ಕಂಡು, ಒಬ್ಬನಿಗೆ ಮಾಡಿಟ್ಟಿದ್ದ ಚಹಾವನ್ನು ಇಬ್ಬರಿಗೆ ಹಂಚಿದಳು. “ಇಬ್ಬರಿಗೂ ಒಂದ ಕ್ಯಾಲೆಂಡರ್ ಇದ್ರ ಸಾಕಿತ್ತು,” ಎಂದಳು. ತನ್ನ ನಾಲ್ಕು ಚೀಲಗಳನ್ನು ಅವಳು ಗುರುವಾರವೇ ಮಾರಿಸಿಬಿಟ್ಟಿದ್ದಳು. ಯಾಕೆಂದು ಕೇಳಿದೆ. “ಬಣ್ಣ ಇಳ್ಯಾಕ ಹತ್ತಿತ್ತು. ಬಣ್ಣ ಹ್ವಾದ ಮ್ಯಾಲ ಅದಕ್ಕ ಯಾರ್ ರೊಕ್ಕ ಕೊಡತಾರ?”

ಮುಂದಿನ ಗುರುವಾರ ದರ ಇಳಿಯಿತು. ನಮ್ಮಿಬ್ಬರ ಚೀಲಗಳು ಇಳಿದ ದರಕ್ಕೇ ಹೋದವು. ಸಂಜೆ ಅಣ್ಣನ ಫೋನು ಬಂತು. ಅಂದು ಇಡೀ ಯಾರ್ಡಿನಲ್ಲಿ ದರ ಇಳಿದದ್ದಕ್ಕೆ ಹಿಗ್ಗಿದವನು ಅವನೊಬ್ಬನೇ ಇರಬೇಕು. “ಇಳೀತು ನೋಡವಾ! ನಾ ಹೇಳಿದ್ದಿಲ್ಲಾ? ಸೋಮವಾರ ತುದಿ ಮುಟ್ಟಿತ್ತು. ಪ್ಯಾಟಿ ಇರಲಿಲ್ಲ ಅಷ್ಟ!”

ಆಮೇಲೆ ಅಮಾವಾಸ್ಯೆಗಳನ್ನು ಬಿಟ್ಟು ಹೊಸದಾಗಿ ನಕ್ಷೆ ಹಾಕಿದ. ಇನ್ನೂ ಮೂರು ವರ್ಷ ಗೆರೆ ಎಳೆದ. ಅವನ ಮಾತು ಕೂಡಿಬಂದ ವಾರ ಫೋನು ಬರುತ್ತಿತ್ತು. ತಪ್ಪಿದ ವಾರ ಬರುತ್ತಿರಲಿಲ್ಲ. ಫೋನು ಬಾರದ ವಾರಗಳೇ ಹೆಚ್ಚು. ಆದರೂ ಅವನು ಗೋಡೆಯ ಮುಂದಿನಿಂದ ಏಳಲಿಲ್ಲ. ಒಂದು ಬೇಸಿಗೆಯಲ್ಲಿ ಹೋದಾಗ, ಛೇಡಿಸುವ ದನಿಯಲ್ಲಿಯೇ ಕೇಳಿದೆ, ಯಾಕಣ್ಣಾ ಈ ತ್ರಾಸು ಎಂದು.

ಅವನು ಛೇಡಿಸುವ ಮಾತಿಗೆ ಛೇಡಿಸುವ ಉತ್ತರ ಕೊಡಲಿಲ್ಲ.

“ಮೂವತ್ತ ವರ್ಷ ಆತು ಅಂಗಡಿ ಇಟ್ಟು. ರೈತ ಚೀಲದ ಮ್ಯಾಲ ಕುಂತು, ‘ಸಾವ್ಕಾರ್ರ, ಇವತ್ತ ಏನ್ ರೇಟ್ ಆಗಬಹುದ್ರಿ’ ಅಂತ ಕೇಳತಾನ. ಖರೀದಿದಾರರು ಬರದು ಹಾಕಿದ ಟೆಂಡರ್ ತೆಗೆಯೂತನಕ ನನಗೆಲ್ಲಿ ಗೊತ್ತಿರತೈತಿ? ಆದ್ರ ಅವನ ಮಾರಿ ನೋಡಿ ಸುಮ್ಮ ಕುಂದರಾಕ ಆಗೂದಿಲ್ಲ. ಬಾಯಿಗೆ ಬಂದದ್ದು ಹೇಳತಿದ್ದೆ. ಈಗ ಗೆರಿ ನೋಡಿ ಹೇಳತೀನಿ. ತಪ್ಪಿದ್ರೂ, ನೋಡಿ ಹೇಳಿದಂಗ ಆತಲ್ಲ.”

ಮಾತಾಡುತ್ತಲೇ ಅವನು ಹೊಸ ಗೆರೆಯೊಂದನ್ನು ಎಳೆದು ಹಿಂದೆ ಸರಿದಿದ್ದ. “ಇದನ್ನಷ್ಟ ಅಳದು ಹೇಳು. ಕಣ್ಣು ಸರೀ ಕಾಣವೊಲ್ಲವು,” ಎಂದ.

ಮೊಣಕಾಲೂರಿ ಕೋನಮಾಪಕ ಹಿಡಿದೆ. ನಲವತ್ತಮೂರು ಇತ್ತು.

“ನಲವತ್ತೈದು, ಅಣ್ಣಾ,” ಎಂದೆ.